ಇನ್ಸುಲಿನ್ ಪೆನ್ ಮತ್ತು ಪಂಪ್: ಕರಾವಳಿಯ ದಿನಚರಿಯಲ್ಲಿ ಎರಡನ್ನೂ ಬಳಸಿ ನೋಡಿದಾಗ

ಟೈಪ್ 1 ಮಧುಮೇಹವಿದ್ದು, ಇನ್ಸುಲಿನ್ನನ್ನು ಸೂಜಿಯಿಂದ ಚುಚ್ಚಿಕೊಳ್ಳುವ ಪೆನ್ನಿನಿಂದ ಅದನ್ನು ದಿನವಿಡೀ ಹರಿಸುವ ಪಂಪಿಗೆ ಬದಲಾಗಲು ಹೊರಟವರು ಮೊದಲು ಕೇಳುವುದು, ಚುಚ್ಚಿಕೊಳ್ಳುವುದು ಎಷ್ಟು ಕಡಿಮೆಯಾಗುತ್ತದೆ ಎಂದು. ಪೆನ್ನಿನಲ್ಲಿ ದಿನಕ್ಕೆ ಸಾಮಾನ್ಯವಾಗಿ ನಾಲ್ಕು ಸಲ ಚುಚ್ಚಬೇಕು. ಪಂಪಿನಲ್ಲಿ ಎರಡು ಮೂರು ದಿನಗಳಿಗೊಮ್ಮೆ ಚರ್ಮದಡಿ ಇನ್ಸುಲಿನ್ ಹರಿಸುವ ತೆಳು ನಳಿಗೆಯಾದ ಕ್ಯಾನ್ಯುಲಾವನ್ನು ಬದಲಿಸಿದರೆ ಸಾಕು. ಉಡುಪಿಯಲ್ಲಿದ್ದುಕೊಂಡು ಎರಡನ್ನೂ ಬಳಸಿದ ನನಗೆ ಇದು ದೊಡ್ಡ ವ್ಯತ್ಯಾಸವೆಂದು ತೋರಲಿಲ್ಲ. ಊಟ ಮಾಡದಿದ್ದರೂ ದೇಹಕ್ಕೆ ಬೇಕಾಗುವ ಬೇಸಲ್ ಇನ್ಸುಲಿನ್ ಯಾವ ಬಗೆಯಲ್ಲಿ ಒಳಸೇರುತ್ತದೆ ಎಂಬುದರಲ್ಲಿಯೇ ಎರಡರ ದಾರಿ ಬೇರೆಯಾಗುತ್ತದೆ.

ಗ್ಲಾರ್ಜಿನ್‌ನಂತಹ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ನನ್ನು ಪೆನ್ನಿನಿಂದ ಒಮ್ಮೆ ತೆಗೆದುಕೊಂಡರೆ ಅದರ ಪ್ರಭಾವ ಸುಮಾರು 24 ಗಂಟೆ ಇರುತ್ತದೆ, ನಡುವೆ ಅದನ್ನು ತಗ್ಗಿಸುವ ಉಪಾಯವಿಲ್ಲ. ನಸುಕಿನ ಹಾರ್ಮೋನುಗಳಿಂದ ಏರುವ ಶುಗರನ್ನು ಹಿಡಿಯಲೆಂದು ಅದರ ಪ್ರಮಾಣ ಹೆಚ್ಚಿಸಿದಾಗಲೆಲ್ಲ ನನಗೆ ನಡುರಾತ್ರಿಯಲ್ಲಿ ಲೋ ಶುಗರ್ ಆಗುತ್ತಿತ್ತು. ಪಂಪಿನಲ್ಲಿ ದೀರ್ಘಕಾಲದ ಇನ್ಸುಲಿನ್ ಇರುವುದೇ ಇಲ್ಲ. ಆಸ್ಪಾರ್ಟ್ ಅಥವಾ ಲಿಸ್ಪ್ರೊದಂತಹ ಶೀಘ್ರ ಇನ್ಸುಲಿನ್ನೇ ಸ್ವಲ್ಪಸ್ವಲ್ಪವಾಗಿ ದಿನವಿಡೀ ಹರಿಯುತ್ತದೆ, ಗಂಟೆಗೊಂದು ದರವನ್ನು ನಿಗದಿಪಡಿಸಬಹುದು. ವೈದ್ಯರು ನಡುರಾತ್ರಿಯ ದರವನ್ನು ಇಳಿಸಿ ನಸುಕಿನ ಮೂರು ಗಂಟೆಯ ನಂತರದ ದರವನ್ನು ಏರಿಸಿದ ಮೇಲೆ ನನ್ನ ರಾತ್ರಿಗಳು ಸುಧಾರಿಸಿದವು. ಏಕಾದಶಿಯ ಉಪವಾಸದಂದು ಅಥವಾ ಮನೆಯ ಕಾರ್ಯಕ್ರಮಕ್ಕೆ ಬೆಳಗ್ಗಿನಿಂದ ಓಡಾಡುವ ದಿನ ಕೆಲವು ಗಂಟೆಗಳ ಮಟ್ಟಿಗೆ ಬೇಸಲ್ಲನ್ನು ತಗ್ಗಿಸಲು ಸಾಧ್ಯವಿರುವುದು ಪಂಪಿನಲ್ಲಿ ಮಾತ್ರ. ಈ ಒಂದು ಕಾರಣಕ್ಕೇ ನಾನು ಪಂಪಿನ ಪಕ್ಷ.

ಊಟದ ವಿಚಾರದಲ್ಲಿ ನಮ್ಮ ಕಡೆಯ ಅಡುಗೆ ಎರಡನ್ನೂ ಪರೀಕ್ಷಿಸುತ್ತದೆ. ನೀರುದೋಸೆ ತಿಂದರೆ ಶುಗರ್ ಬೇಗ ಏರುತ್ತದೆ, ಊಟಕ್ಕೆ ಹದಿನೈದು ನಿಮಿಷ ಮೊದಲು ತೆಗೆದುಕೊಂಡ ಇನ್ಸುಲಿನ್ ಪೆನ್ನಿನದಾದರೂ ಪಂಪಿನದಾದರೂ ಸಮನಾಗಿಯೇ ಕೆಲಸ ಮಾಡುತ್ತದೆ. ತೊಡಕಾಗುವುದು ತೆಂಗಿನ ಹಾಲಿನ ಸಾರಿನಲ್ಲಿ ನೆನೆದ ಕೋರಿರೊಟ್ಟಿಯಂತಹ ಊಟಕ್ಕೆ: ಕೊಬ್ಬು ಜೀರ್ಣಕ್ರಿಯೆಯನ್ನು ನಿಧಾನಗೊಳಿಸುವುದರಿಂದ ಮೊದಲ ಗಂಟೆಯಲ್ಲಿ ಸರಿಯಿದ್ದ ಶುಗರ್ ಆಮೇಲೆ ಏರತೊಡಗುತ್ತದೆ. ಪಂಪಿನಲ್ಲಿ ಬೋಲಸ್ಸಿನ, ಅಂದರೆ ಊಟಕ್ಕೆ ಅಥವಾ ಏರಿದ ಶುಗರಿಗೆಂದು ಕೊಡುವ ಇನ್ಸುಲಿನ್ನಿನ, ಒಂದು ಪಾಲನ್ನು ತಕ್ಷಣ ಕೊಟ್ಟು ಉಳಿದದ್ದನ್ನು ಎರಡು ಮೂರು ಗಂಟೆಗಳಲ್ಲಿ ಹರಡಿಸಬಹುದು; ಪೆನ್ನಿನಲ್ಲಿ ಅದಕ್ಕೆ ಎರಡನೆಯ ಸಲ ಚುಚ್ಚಬೇಕು. ಆದರೆ ತಟ್ಟೆಯಲ್ಲಿ ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್ ಇದೆಯೆಂದು ಲೆಕ್ಕ ಹಾಕಲು ಬಾರದವರಿಗೆ ಈ ಸೌಕರ್ಯದಿಂದ ಪ್ರಯೋಜನವಿಲ್ಲ. ಶುಗರ್ ಅಳೆಯುವ ಸೆನ್ಸರಿನ ಅಂಕಿ ನೋಡಿ ತಾನಾಗಿ ಬೇಸಲ್ ಹೊಂದಿಸುವ ಪಂಪುಗಳಿಗೂ ಊಟದ ಲೆಕ್ಕವನ್ನು ನಾವೇ ತಿಳಿಸಬೇಕು. ಕುಚ್ಚಲಕ್ಕಿ ಅನ್ನವನ್ನು ಮನೆಯಲ್ಲಿ ತೂಗಿ ನೋಡುವ ಅಭ್ಯಾಸವನ್ನು ಪೆನ್ ಬಳಸುವಾಗಲೇ ಮಾಡಿಕೊಳ್ಳುವುದು ಒಳ್ಳೆಯದು.

ಸೆಕೆಯಲ್ಲಿ ಮಾತ್ರ ಪೆನ್ನೇ ಮೇಲು. ಏಪ್ರಿಲ್, ಮೇ ತಿಂಗಳ ಬೆವರಿಗೆ ಕ್ಯಾನ್ಯುಲಾದ ಅಂಟು ಸಡಿಲವಾಗುತ್ತದೆ; ಚರ್ಮವನ್ನು ಒರೆಸಿ ಪೂರ್ತಿ ಒಣಗಿಸಿ, ಮೇಲೊಂದು ಟೇಪ್ ಹಚ್ಚಿದರೆ ತಕ್ಕಮಟ್ಟಿಗೆ ನಿಲ್ಲುತ್ತದೆ. ಮಲ್ಪೆಯಲ್ಲಿ ಸಮುದ್ರಕ್ಕೆ ಇಳಿಯುವಾಗ ಪಂಪನ್ನು ಕಳಚಿ ನೆರಳಿನಲ್ಲಿಡಬೇಕು, ಒಂದು ಗಂಟೆಯೊಳಗೆ ಮತ್ತೆ ಜೋಡಿಸಬೇಕು. ಅಂಗಿ ತೆಗೆದು ಕೃಷ್ಣಮಠದ ಒಳಗೆ ಹೋಗುವ ಗಂಡಸರಿಗೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ಕಿಸೆಯಿಲ್ಲದ ಪಂಚೆಯಲ್ಲಿ ಪಂಪನ್ನು ಎಲ್ಲಿಡುವುದು? ನನಗೆ ಸೊಂಟಕ್ಕೆ ಕಟ್ಟುವ ಬಟ್ಟೆಯ ಚೀಲ ಅನುಕೂಲವಾಯಿತು, ಅದೇನೆಂದು ಕೇಳುವವರಿಗೆ ಉತ್ತರವನ್ನೂ ಸಿದ್ಧವಾಗಿಟ್ಟುಕೊಂಡಿದ್ದೇನೆ.

ಖರ್ಚಿನ ಹೋಲಿಕೆ ಸಣ್ಣದು, ಕಠಿಣವಾದದ್ದು. ಪಂಪಿನ ಬೆಲೆ ಲಕ್ಷಗಳಲ್ಲಿದ್ದು, ಸೆಟ್ಟು (ಕ್ಯಾನ್ಯುಲಾ ಮತ್ತು ಅದರ ಕೊಳವೆ) ಹಾಗೂ ಪಂಪಿನೊಳಗೆ ಇನ್ಸುಲಿನ್ ತುಂಬುವ ರಿಸರ್ವಾಯರುಗಳ ತಿಂಗಳ ಖರ್ಚು ಬೇರೆ ಇರುತ್ತದೆ. ಉಳಿತಾಯಕ್ಕೆಂದು ಒಂದೇ ಸೆಟ್ಟನ್ನು ಅವಧಿ ಮೀರಿ ಬಳಸಬೇಕಾಗುವ ಪರಿಸ್ಥಿತಿಯಿದ್ದರೆ ಸೋಂಕು ಮತ್ತು ಏರುಶುಗರಿನ ಭಯವಿರುವುದರಿಂದ ಪೆನ್ನಿನಲ್ಲಿಯೇ ಮುಂದುವರಿಯುವುದು ಲೇಸೆಂದು ನನ್ನ ಅಭಿಪ್ರಾಯ.

ಹೊಸಬರು ಎಲ್ಲಕ್ಕಿಂತ ಮುಂಚೆ ತಿಳಿಯಬೇಕಾದ ಅಪಾಯವೊಂದಿದೆ. ಪೆನ್ನಿನವರು ಒಂದು ಊಟದ ಇನ್ಸುಲಿನ್ ಮರೆತರೂ ಬೇಸಲ್ ಒಳಗೆ ಕೆಲಸ ಮಾಡುತ್ತಿರುತ್ತದೆ. ಪಂಪಿನವರ ಕೊಳವೆ ಕಟ್ಟಿಕೊಂಡರೆ ಅಥವಾ ಕ್ಯಾನ್ಯುಲಾ ಮಡಚಿಕೊಂಡರೆ ದೇಹದಲ್ಲಿ ಸಂಗ್ರಹವೇ ಇರುವುದಿಲ್ಲ, ಕೆಲವೇ ಗಂಟೆಗಳಲ್ಲಿ ಕೀಟೋನ್ (ಇನ್ಸುಲಿನ್ ಇಲ್ಲದೆ ದೇಹ ಕೊಬ್ಬನ್ನು ಕರಗಿಸುವಾಗ ಹುಟ್ಟುವ ಆಮ್ಲ) ಏರಿ, ರಕ್ತ ಆಮ್ಲೀಯವಾಗುವ ಪ್ರಾಣಾಪಾಯದ ಸ್ಥಿತಿಯಾದ ಕೀಟೋಅಸಿಡೋಸಿಸ್ ಆಗಬಹುದು. ಕಾರಣ ತಿಳಿಯದೆ ಶುಗರ್ 250 mg/dL ದಾಟಿ, ಪಂಪಿನಿಂದ ಕೊಟ್ಟ ಬೋಲಸ್ಸಿಗೂ ಇಳಿಯದಿದ್ದರೆ ಕೀಟೋನ್ ಪರೀಕ್ಷಿಸಿ, ಮುಂದಿನ ಇನ್ಸುಲಿನ್ನನ್ನು ಪೆನ್ನಿನಿಂದ ತೆಗೆದುಕೊಂಡು, ಸೆಟ್ಟನ್ನು ಪೂರ್ತಿ ಬದಲಿಸಬೇಕು. ವಾಂತಿ ಶುರುವಾದರೆ ಆಸ್ಪತ್ರೆಗೆ ಹೋಗಲು ತಡಮಾಡಬಾರದು. ಹೀಗಾಗಿ ಪಂಪ್ ಬಳಸುವವರ ಚೀಲದಲ್ಲಿಯೂ ಶೀಘ್ರ ಇನ್ಸುಲಿನ್ನಿನ ಪೆನ್ ಇರಲೇಬೇಕು. ಪಂಪ್ ಕೆಟ್ಟು ಬದಲಿ ಸಿಗಲು ದಿನಗಳು ಹಿಡಿಯುವುದಾದರೆ ದೀರ್ಘಕಾಲದ ಇನ್ಸುಲಿನ್ ಎಷ್ಟು ಯುನಿಟ್ ತೆಗೆದುಕೊಳ್ಳಬೇಕೆಂಬುದನ್ನು ಪಂಪ್ ಹಾಕಿಸಿಕೊಳ್ಳುವ ದಿನವೇ ವೈದ್ಯರಿಂದ ಬರೆಸಿಕೊಂಡು, ಆ ಚೀಟಿಯನ್ನು ಪೆನ್ನಿನ ಜೊತೆಗೇ ಇಡಬೇಕು.