ಮೂರು ಮಳೆಗಾಲ ಕಟ್ಟಿದ ಗೇಮ್ ಚಂದಾ

ರಾತ್ರಿ ಒಂಬತ್ತೂವರೆಗೆ ಅಮ್ಮನ ಧಾರಾವಾಹಿ ಮುಗಿಯುತ್ತದೆ. ಆಮೇಲೆ ವೈಫೈ ನನ್ನದು. ಅಮ್ಮನ ಫೋನು, ಅಪ್ಪನ ಫೋನು ಎರಡರಲ್ಲೂ ನೆಟ್ ಆಫ್ ಮಾಡುತ್ತೇನೆ. ರೂಟರಿನ ವೈರು ಇನ್ವರ್ಟರಿಗೆ ಹಾಕಿದೆಯಾ ಅಂತ ಒಂದು ಸಲ ನೋಡುತ್ತೇನೆ. ಗೇಮ್ ಡೌನ್‌ಲೋಡ್ ಒತ್ತಿ, ಲ್ಯಾಪ್‌ಟಾಪಿನ ಮುಚ್ಚಳ ಅರ್ಧ ಇಳಿಸಿ ಮಲಗುತ್ತೇನೆ. ಬೆಳಗಿನ ಜಾವ ಎದ್ದರೆ ಬಚ್ಚಲಿಗೆ ಹೋಗುವ ಮುಂಚೆ ಎಷ್ಟು ಪರ್ಸೆಂಟ್ ಆಯ್ತು ಅಂತ ನೋಡಬೇಕು. ಮೂರು ಮಳೆಗಾಲದಿಂದ ಇದೇ ರೂಢಿ.

ತಿಂಗಳಿಗೆ ಇಂತಿಷ್ಟು ಅಂತ ಕಟ್ಟಿ, ಪಟ್ಟಿಯಲ್ಲಿರುವ ಯಾವ ಗೇಮ್ ಬೇಕಾದರೂ ಇಳಿಸಿಕೊಂಡು ಆಡುವ ಸೇವೆ ಇದು. ಯಾವ ಪ್ಲಾನಿಗೆ ಎಷ್ಟು ರೇಟು, ಎಷ್ಟು ಗೇಮ್ ಇವೆ ಅನ್ನೋದನ್ನೆಲ್ಲ ನೀವು ನೋಡಿಯೇ ಇರುತ್ತೀರಿ. ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದಿಂದ ಹದಿನಾಲ್ಕು ಕಿಲೋಮೀಟರ್ ಒಳಗಿನ ಹಳ್ಳಿ. ಇಲ್ಲಿ ಅದು ಹೇಗೆ ನಡೆಯುತ್ತದೆ ಅನ್ನೋದು ಯಾರೂ ಬರೆದಿಲ್ಲ, ಅದಕ್ಕೇ ನಾನು ಕೂತೆ.

ನಮ್ಮ ಫೈಬರ್ ಲೈನು 30 ಎಂಬಿಪಿಎಸ್. ಅದು ಮೆಗಾಬಿಟ್. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ನಾಲ್ಕು ಮೆಗಾಬೈಟ್ ಕೂಡ ಇಲ್ಲ. 45 ಜಿಬಿ ಗೇಮ್ ಲೆಕ್ಕದಲ್ಲಿ ಸುಮಾರು ಮೂರೂವರೆ ಗಂಟೆಯಲ್ಲಿ ಇಳಿಯಬೇಕು. ನಮ್ಮಲ್ಲಿ ಎರಡು ರಾತ್ರಿ. ಯಾಕಂದ್ರೆ ನಡುವೆ ಗುಡುಗುತ್ತದೆ. ಒಂದು ವರ್ಷ ಮೇ ತಿಂಗಳಲ್ಲಿ ಸಿಡಿಲಿಗೆ ರೂಟರ್ ಸುಟ್ಟುಹೋಗಿತ್ತು. ಅವತ್ತಿಂದ ದೂರದಲ್ಲೆಲ್ಲೋ ಗುಡುಗಿದರೂ ಅಮ್ಮ ಓಡುವುದು ಮೊದಲು ಅಂಗಳದಲ್ಲಿ ಒಣಗಿಸಿದ ಬಟ್ಟೆಯ ಕಡೆಗಲ್ಲ, ರೂಟರಿನ ಕಡೆಗೆ. ಎಲ್ಲಾ ಪ್ಲಗ್ಗು ಕಿತ್ತು ನೆಲದ ಮೇಲೆ ಇಡುತ್ತಾಳೆ.

ಈ ಸೇವೆ ನನಗೆ ಹಿಡಿಸಿದ್ದು ಅಲ್ಲೇ. ಪ್ಲಗ್ಗು ಮತ್ತೆ ಹಾಕಿದರೆ ಡೌನ್‌ಲೋಡ್ ಬಿಟ್ಟಲ್ಲಿಂದಲೇ ಶುರುವಾಗುತ್ತದೆ. 63 ಪರ್ಸೆಂಟಿಗೆ ನಿಂತಿದ್ದು 63ರಿಂದಲೇ ಮುಂದೆ. ಕಾಲೇಜಿನ ಕಾಲದಲ್ಲಿ ಬ್ರೌಸರಿನಲ್ಲಿ 98 ಪರ್ಸೆಂಟಿಗೆ ಬಂದು ಕರೆಂಟ್ ಹೋಗಿ ಪೂರ್ತಿ ಮಣ್ಣಾದ ಡೌನ್‌ಲೋಡುಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಒಂದು ರಾತ್ರಿ ಏಳು ಸಲ ಕರೆಂಟ್ ಹೋಗಿದೆ, ಇನ್ವರ್ಟರೂ ಕೈಕೊಟ್ಟಿದೆ, ಆದರೂ ಬೆಳಿಗ್ಗೆ ಗೇಮ್ ರೆಡಿ. ಮೊದಲ ಎರಡು ವರ್ಷ ಕಂಡವರಿಗೆಲ್ಲ ಇದನ್ನೇ ತಗೊಳ್ಳಿ ಅಂತ ಹೇಳಿದೆ. ನನ್ನ ಮಾತು ಕೇಳಿ ನಾಲ್ಕು ಜನ ತಗೊಂಡರು ಕೂಡ.

ಹೋದ ವರ್ಷ ಜುಲೈನಲ್ಲಿ ಬೇಸಾಯ ಮಾಡುವ ಒಂದು ಗೇಮ್ ಇಳಿಸಿದೆ. ಟ್ರ್ಯಾಕ್ಟರ್ ಓಡಿಸು, ಉಳು, ಬಿತ್ತು, ಕೊಯ್ಯಿ, ಮಾರು, ಆ ದುಡ್ಡಲ್ಲಿ ಪಕ್ಕದ ಹೊಲ ತಗೋ. ಅಪ್ಪ ಹಿಂದೆ ನಿಂತು ನೋಡಿ, "ಮನೆ ಗದ್ದೆಗೆ ಇಳಿಯೋಕೆ ಸೊಂಟ ನೋವು, ಇದಕ್ಕೆ ಇಲ್ಲ ಅಲ್ವಾ" ಅಂದರು. ಎರಡು ದಿನ ಬಿಟ್ಟು ಅವರೇ ಕುರ್ಚಿ ಎಳೆದುಕೊಂಡು ಕೂತರು. "ಮಳೇಲಿ ಯಾರಾದ್ರೂ ಗೋಧಿ ಕೊಯ್ತಾರೇನೋ, ಬಿಸಿಲು ಬರ್ಲಿ ತಡಿ" ಅಂತ ಸಲಹೆ ಬೇರೆ. ಇದೊಂದೇ ಕಾರಣಕ್ಕೆ ಆ ತಿಂಗಳ ಚಂದಾ ದುಡ್ಡು ವಸೂಲಿ.

ಆಗಲೇ ಗಾಳಿಗೆ ಮರ ಬಿದ್ದು ಕೇಬಲ್ ತುಂಡಾಯಿತು. ಹನ್ನೊಂದು ದಿನ ನೆಟ್ ಇಲ್ಲ. ಫೋನಿಗೆ ಸಿಗ್ನಲ್ ಬೇಕಂದ್ರೆ ಗುಡ್ಡ ಹತ್ತಬೇಕು. ನನಗೇನೂ ಬೇಜಾರಿರಲಿಲ್ಲ, ಗೇಮ್ ಆಫ್‌ಲೈನ್‌ನಲ್ಲಿ ನಡೆಯುತ್ತಿತ್ತು. ಹೊರಗೆ ಧೋ ಅಂತ ಮಳೆ, ಒಳಗೆ ಹಲಸಿನ ಹಪ್ಪಳ, ಸ್ಕ್ರೀನಿನಲ್ಲಿ ಒಳ್ಳೆ ಬಿಸಿಲು. ಒಟ್ಟು ಎಪ್ಪತ್ತು ಗಂಟೆ ಆಡಿದ್ದೆ. ಮೂರು ಹೊಲ, ಒಂದು ಕಟಾವು ಮೆಷಿನ್, ಹದಿನೆಂಟು ದನ.

ಹನ್ನೆರಡನೇ ದಿನ ನೆಟ್ ಬಂತು. ಗೇಮ್ ತೆರೆದರೆ ಬೀಗದ ಚಿತ್ರ! ಪಟ್ಟಿಯಿಂದ ತೆಗೆದುಬಿಟ್ಟಿದ್ದಾರೆ. ಮೊದಲೇ ಆ್ಯಪ್‌ನಲ್ಲಿ ಸೂಚನೆ ಹಾಕಿದ್ದರಂತೆ. ನೆಟ್ ಇಲ್ಲದವನಿಗೆ ಅದು ಕಾಣೋದು ಹೇಗೆ? ತೆಗೆಯುವ ಮುಂಚೆ ಕೊಂಡಿದ್ದರೆ ರಿಯಾಯಿತಿ ಇತ್ತಂತೆ, ಅದೂ ಮುಗಿದಿತ್ತು. ಸಪೋರ್ಟಿಗೆ ಬರೆದೆ. ನಿಮ್ಮ ಸೇವ್ ಫೈಲ್ ಕ್ಲೌಡ್‌ನಲ್ಲಿ ಭದ್ರವಾಗಿದೆ ಅಂತ ಉತ್ತರ ಬಂತು. ಅಂದ್ರೆ ದನ, ಹೊಲ, ಮೆಷಿನ್ ಎಲ್ಲಾ ಇವೆ, ಬೇಲಿ ದಾಟಿ ಒಳಗೆ ಹೋಗೋ ಹಾಗಿಲ್ಲ ಅಷ್ಟೇ.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಪಹಣಿ ಯಾರ ಹೆಸರಲ್ಲಿತ್ತು?"

ನಮ್ಮ ಅಜ್ಜ ಗೇಣಿ ಒಕ್ಕಲು. ಗೇಣಿದಾರರು ಹೋರಾಡಿದ 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಇದೇ ಸಾಗರ ತಾಲೂಕಿನಲ್ಲಿ. 1974ರ ಭೂಸುಧಾರಣೆ ತಿದ್ದುಪಡಿ ಕಾನೂನು ಬಂದ ಮೇಲೆ ಡಿಕ್ಲರೇಷನ್ (ಉಳುವವನು ನಾನು ಅನ್ನೋ ಅರ್ಜಿ) ಹಾಕಿ ಉಳುತ್ತಿದ್ದ ಗದ್ದೆಯನ್ನು ಸ್ವಂತ ಮಾಡಿಕೊಂಡವರು ಅವರು. ಮೊಮ್ಮಗ ತಿಂಗಳು ತಿಂಗಳು ಗೇಣಿ ಕಟ್ಟಿ ಎಪ್ಪತ್ತು ಗಂಟೆ ಉತ್ತು ಕೊನೆಗೆ ಬರಿಗೈಯಲ್ಲಿ ಎದ್ದು ಬಂದ. ಹಾಗಂತ ಕೊಂಡರೆ ಪೂರ್ತಿ ನಮ್ಮದಾಗುತ್ತಾ? ಅದೂ ಇಲ್ಲ. ಗೇಮ್ ಮಾರುವ ಸ್ಟೀಮ್‌ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವುದೂ ಲೈಸೆನ್ಸೇ, ಆಡುವ ಅನುಮತಿ ಅಷ್ಟೇ. 2024ರ ಅಕ್ಟೋಬರಿನಿಂದ ಕಾರ್ಟ್‌ನಲ್ಲೇ ಹಾಗೆ ಬರೆದಿದ್ದಾರೆ. ಆದರೂ ಪಟ್ಟಿ ಬದಲಾಯ್ತು ಅಂತ ನಡು ಆಟದಲ್ಲಿ ಎಬ್ಬಿಸಿ ಕಳಿಸೋದಿಲ್ಲವಲ್ಲ. ಜಿಒಜಿ ಅನ್ನೋ ಇನ್ನೊಂದು ಅಂಗಡಿಯಲ್ಲಿ ಗೇಮ್ ಹಾಕಿಕೊಳ್ಳುವ ಇನ್‌ಸ್ಟಾಲರ್ ಫೈಲನ್ನೇ ಕೊಡುತ್ತಾರೆ. ಅದನ್ನು ಹಾರ್ಡ್ ಡಿಸ್ಕಿಗೆ ಹಾಕಿಟ್ಟರೆ ಆಮೇಲೆ ಯಾರನ್ನೂ ಕೇಳಬೇಕಿಲ್ಲ. ನನ್ನ ಡಿಸ್ಕು ಈಗ ಸ್ಟೀಲ್ ಡಬ್ಬಿಯಲ್ಲಿದೆ, ಶೂ ಬಾಕ್ಸಿನಲ್ಲಿ ಬರುವ ಸಿಲಿಕಾ ಪೊಟ್ಟಣಗಳ ಜೊತೆ. ಮಲೆನಾಡಿನ ಬೂಷ್ಟು ಯಾವುದನ್ನೂ ಬಿಡೋದಿಲ್ಲ.

ಇನ್ನೊಂದು ತಪ್ಪು ನನ್ನದೇ. ನವೆಂಬರಿನಿಂದ ಅಡಿಕೆ ಕೊಯ್ಲು. ರಾತ್ರಿ ಹತ್ತರವರೆಗೆ ಸುಲಿಯೋದು, ಬೆಳಿಗ್ಗೆ ಬೇಯಿಸಿದ್ದನ್ನು ಹರಡೋದು. ಆ ಮೂರು ತಿಂಗಳು ಲ್ಯಾಪ್‌ಟಾಪ್ ಮುಟ್ಟಿಲ್ಲ, ದುಡ್ಡು ಮಾತ್ರ ಪ್ರತಿ ತಿಂಗಳೂ ಹೋಗಿದೆ. ಕಡಿತಕ್ಕೆ 24 ಗಂಟೆ ಮೊದಲು ಮೆಸೇಜ್ ಬರಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ, ಮೆಸೇಜ್ ಬರುತ್ತಲೂ ಇತ್ತು. ಅಡಿಕೆ ಚೊಗರು ಮೆತ್ತಿದ ಕೈಯಲ್ಲಿ ಫೋನ್ ತೆಗೆಯೋದು ಯಾರು?

ಇಷ್ಟಾದರೂ ಪೂರ್ತಿ ಬಿಟ್ಟಿಲ್ಲ. ಈ ಸಲ ಜೂನ್‌ನಿಂದ ಸೆಪ್ಟೆಂಬರ್, ನಾಲ್ಕೇ ತಿಂಗಳು. ಆಟೋಪೇಗೆ ಕೊನೆಯ ದಿನಾಂಕ ಹಾಕಿಟ್ಟಿದ್ದೇನೆ. ಹತ್ತು ಗೇಮ್ ಇಳಿಸಿ ರುಚಿ ನೋಡುವುದು, ಮನಸ್ಸಿಗೆ ಹಿಡಿದಿದ್ದನ್ನು ಸೇಲ್ ಬಂದಾಗ ಕೊಳ್ಳುವುದು. ಮೂರು ದಿನದಲ್ಲಿ ಮುಗಿಯುವ ಸಣ್ಣ ಗೇಮ್ ಆಡುವವರಿಗೆ, ಮನೆಯಲ್ಲಿ ಮಕ್ಕಳಿರುವವರಿಗೆ ಇದು ಅಗ್ಗವೇ. ನನ್ನ ಹಾಗೆ ನಿಧಾನಕ್ಕೆ ಆಡುವವರು ಪಟ್ಟಿಯಲ್ಲಿ "ಶೀಘ್ರದಲ್ಲೇ ಹೊರಡಲಿವೆ" ಅನ್ನೋ ಸಾಲನ್ನು ವಾರಕ್ಕೊಮ್ಮೆ ನೋಡುತ್ತಿರಿ. ಐದಕ್ಕೆ ಮೂರು ನಕ್ಷತ್ರ. ಮೂರನೆಯದು ಬಿಟ್ಟಲ್ಲಿಂದ ಇಳಿಯುವ ಆ ಡೌನ್‌ಲೋಡಿಗೆ.

ಬೇಸಾಯದ ಗೇಮ್ ಸೇಲ್‌ನಲ್ಲಿ ಬೇರೆ ಕಡೆ ಕೊಂಡೆ. ಹಳೆಯ ಸೇವ್ ಅಲ್ಲಿಗೆ ಬರಲಿಲ್ಲ, ಮೊದಲ ಹೊಲದಿಂದ ಮತ್ತೆ ಶುರು. ನಿನ್ನೆ ಅಪ್ಪ ಬಂದು ಕುರ್ಚಿ ಎಳೆದುಕೊಂಡರು. ಹದಿನೆಂಟು ದನ ಎಲ್ಲಿ ಅಂತ ಕೇಳಿದರು.