ಬರೆಯುವವರಿಗೆ ನಿಕೋಟಿನ್ ಗಮ್: ನನ್ನ ಅನುಭವ

ಇದು ಸಿಗರೇಟು ಬಿಡಲು ನೆರವಾಗುವ, ಮೆಡಿಕಲ್ ಶಾಪ್‌ನಲ್ಲಿ ಡಾಕ್ಟರ್ ಚೀಟಿ ಇಲ್ಲದೆ ಸಿಗುವ 2 ಮಿಲಿಗ್ರಾಂ ನಿಕೋಟಿನ್ ಗಮ್ ಬಗ್ಗೆ. ನಿಕೋಟಿನ್ ಅಂದರೆ ತಂಬಾಕಿನಲ್ಲಿರುವ, ಚಟ ಹಿಡಿಸುವ ವಸ್ತು. ನಾನು ತಗೊಂಡಿದ್ದು ಬಸವನಗುಡಿಯಲ್ಲಿ, ಪುದೀನ ರುಚಿಯದ್ದು. ಸಿಗರೇಟು ಬಿಟ್ಟರೆ ಬರವಣಿಗೆಯೂ ಬಿಟ್ಟುಹೋಗುತ್ತದೆ ಅಂತ ಹೆದರಿರುವವರಿಗಾಗಿ ಬರೆಯುತ್ತಿದ್ದೇನೆ. ನಾನು ಕಥೆ ಬರೆಯುವವನು. ಆ ಹೆದರಿಕೆ ನನಗೂ ಇತ್ತು.

ಇದನ್ನು ಮಾಮೂಲಿ ಚೂಯಿಂಗ್ ಗಮ್ ಥರ ಒಂದೇ ಸಮನೆ ಅಗಿಯಬಾರದು. ನಿಧಾನವಾಗಿ ಅಗಿದಾಗ ನಾಲಿಗೆಗೆ ಮೆಣಸು ತಾಗಿದ ಹಾಗೆ ಚುರುಗುಟ್ಟುತ್ತದೆ. ಆಗ ನಿಲ್ಲಿಸಿ, ಕೆನ್ನೆಗೂ ವಸಡಿಗೂ ನಡುವೆ ಒತ್ತಿಟ್ಟುಕೊಳ್ಳಿ. ಚುರುಕು ಇಳಿದ ಮೇಲೆ ಮತ್ತೆ ಅಗಿದು ಇನ್ನೊಂದು ಕಡೆ ಇಡಿ. ಅರ್ಧ ಗಂಟೆ ಹೀಗೇ. ನಿಕೋಟಿನ್ ರಕ್ತಕ್ಕೆ ಸೇರುವುದು ಕೆನ್ನೆಯ ಒಳಗಿನಿಂದ. ರಸ ಜಾಸ್ತಿ ನುಂಗಿದರೆ ಬಿಕ್ಕಳಿಕೆ, ಹೊಟ್ಟೆ ಉರಿ.

ನಮ್ಮೂರಿನವರಿಗೆ ನಿಜವಾದ ಕಷ್ಟ ಕಾಫಿ. ಕಾಫಿಯ ಹುಳಿ ಬಾಯಲ್ಲಿದ್ದರೆ ಗಮ್ ಸರಿಯಾಗಿ ಕೆಲಸ ಮಾಡುವುದಿಲ್ಲ. 15 ನಿಮಿಷ ಮುಂಚಿನಿಂದ ಕಾಫಿ ಕುಡಿಯುವಂತಿಲ್ಲ, ಗಮ್ ಬಾಯಲ್ಲಿರುವಾಗಲೂ ಇಲ್ಲ. ಆದರೆ ಗಾಂಧಿ ಬಜಾರಿನಲ್ಲಿ ಬೈ ಟೂ ಕಾಫಿ ಹಿಡಿದು ನಿಂತಾಗಲೇ ಸಿಗರೇಟಿನ ಆಸೆ ಹೆಚ್ಚು, ಅಲ್ವಾ? ಇದಕ್ಕೇ ಈ ಗಮ್‌ಗೆ ರೇಟಿಂಗ್‌ನಲ್ಲಿ ಒಂದು ಸ್ಟಾರ್ ಕಡಿಮೆ ಕೊಡುತ್ತೇನೆ.

ಈಗ ಬರವಣಿಗೆಯ ವಿಷಯ. ಹೊಗೆ ಎಳೆದರೆ ಕೆಲವೇ ಸೆಕೆಂಡಿನಲ್ಲಿ ನಿಕೋಟಿನ್ ಮಿದುಳಿಗೆ ಹೋಗುತ್ತದೆ. ಸುಮಾರು 2 ಗಂಟೆಯಲ್ಲಿ ರಕ್ತದಲ್ಲಿ ಅರ್ಧ ಇಳಿದಿರುತ್ತದೆ. ಚಡಪಡಿಕೆ ಶುರು, ಮನಸ್ಸು ನಿಲ್ಲುವುದಿಲ್ಲ. ಇನ್ನೊಂದು ಹಚ್ಚಿದ ತಕ್ಷಣ ಸಮಾಧಾನ, ವಾಕ್ಯವೂ ಬರುತ್ತದೆ. ಅದನ್ನೇ ನಾವು ಸ್ಫೂರ್ತಿ ಅನ್ನುತ್ತೇವೆ. ಸಿಗರೇಟು ತಾನೇ ಕಿತ್ತುಕೊಂಡಿದ್ದನ್ನು ವಾಪಸ್ ಕೊಟ್ಟಿರುತ್ತದೆ, ಅಷ್ಟೇ. ಗಮ್‌ನಲ್ಲಿ ನಿಕೋಟಿನ್ ನಿಧಾನವಾಗಿ ಏರುತ್ತದೆ. ಸೇದಿದಾಗಿನ ಆ ಕಿಕ್ ಇಲ್ಲ. ಆದರೆ ಚಡಪಡಿಕೆ ತಗ್ಗುತ್ತದೆ, ಕುರ್ಚಿಯಲ್ಲಿ ಕೂರಲು ಅಷ್ಟು ಸಾಕು. ಅಪ್ಪ ಮಗ ಆಸ್ತಿ ಪತ್ರ ಮುಂದಿಟ್ಟುಕೊಂಡು ಮಾತಾಡುವ ದೃಶ್ಯವೊಂದು ನನಗೆ ಮುಂದೆ ಹೋಗುತ್ತಿರಲಿಲ್ಲ. ಗಮ್ ಕೆನ್ನೆಯಲ್ಲಿಟ್ಟು ಸುಮ್ನೆ ಬಾಲ್ಕನಿಯಲ್ಲಿ ಓಡಾಡಿದೆ. ಮಗ ಪತ್ರ ಓದದೆಯೇ ಸಹಿ ಹಾಕುತ್ತಾನೆ ಅಂತ ಹೊಳೆಯಿತು. ನನಗೆ ಬೇಕಿದ್ದದ್ದು ಮೇಜು ಬಿಟ್ಟು ಏಳುವ ಆ ಬಿಡುವು.

ಸಿಗರೇಟು ಕಚ್ಚಿಕೊಂಡ ಫ್ರೆಂಚ್ ಲೇಖಕ ಆಲ್ಬರ್ಟ್ ಕಮೂ ಅವರ ಫೋಟೊ ನಮಗೆಲ್ಲ ಇಷ್ಟ. ಅವರಿಗೆ 17ನೇ ವಯಸ್ಸಿನಲ್ಲೇ ಕ್ಷಯ ಬಂದಿತ್ತು ಅನ್ನುವುದು ಫೋಟೊದಲ್ಲಿ ಕಾಣುವುದಿಲ್ಲ. ಸಿಗಾರ್ ಇಲ್ಲದೆ ಕೆಲಸ ಸಾಗದು ಅಂತ ನಂಬಿದ್ದ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್‌ಗೆ 1923ರಲ್ಲಿ ಬಾಯಿಯ ಕ್ಯಾನ್ಸರ್ ಕಂಡಿತು. ಆಮೇಲೆ 30ಕ್ಕೂ ಹೆಚ್ಚು ಆಪರೇಷನ್ ಆದವು. ಹೊಸದಾಗಿ ಬರೆಯುವ ಹುಡುಗರಿಗೆ ಯಾರೂ ಇದನ್ನು ಹೇಳುವುದಿಲ್ಲ ಅನ್ನುವುದು ನನಗೆ ಸಿಟ್ಟು ತರಿಸುತ್ತದೆ.

ಹೃದಯದ ತೊಂದರೆ ಇರುವವರು, ಬಸುರಿಯರು ಡಾಕ್ಟರನ್ನು ಕೇಳಿಯೇ ತಗೊಳ್ಳಿ. 4 ಮಿಲಿಗ್ರಾಂ ಗಮ್‌ಗೆ ಚೀಟಿ ಬೇಕು. ಒಬ್ಬರೇ ಬಿಡಲು ಆಗದಿದ್ದರೆ ಸಿಗರೇಟು ಪ್ಯಾಕಿನ ಮೇಲೇ ಇರುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ. ಕರೆಗೆ ದುಡ್ಡಿಲ್ಲ. ನಮ್ಮ ನಿಮ್ಹಾನ್ಸ್‌ನಲ್ಲೂ ಈ ಸೇವೆಯ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡಬಹುದು.