‘ಹಂಸಗೀತೆ’: ಓದಿದ್ದು, ನೋಡಿದ್ದು, ಕೇಳಿದ್ದು

ಮೊದಲೇ ಹೇಳಿಬಿಡುತ್ತೇನೆ, ತ.ರಾ.ಸು. ಅವರ ‘ಹಂಸಗೀತೆ’ ಕಾದಂಬರಿ, ಅದೇ ಹೆಸರಿನ ಸಿನಿಮಾ ಎರಡರಲ್ಲಿ ನನ್ನ ಓಟು ಸಿನಿಮಾಕ್ಕೆ. ದುರ್ಗದಲ್ಲೇ ಹುಟ್ಟಿ, ತ.ರಾ.ಸು. ಕಾದಂಬರಿಗಳನ್ನು ಓದಿಕೊಂಡೇ ಬೆಳೆದ ನನಗೆ ಈ ಮಾತು ಸುಲಭವಾಗಿ ಬಂದದ್ದಲ್ಲ. ಅಪ್ಪ ಎರಡು ರಾತ್ರಿ ಊಟದ ಹೊತ್ತಿನಲ್ಲಿ ನನ್ನ ಜೊತೆ ವಾದಕ್ಕಿಳಿದರು. ಪುಸ್ತಕ ಇರುವಾಗ ಸಿನಿಮಾ ಏತಕ್ಕೆ ಎನ್ನುವುದು ಅವರ ಪಟ್ಟು.

ನಮ್ಮೂರಿನಲ್ಲಿ ಕಾದಂಬರಿ, ಸಿನಿಮಾ ಎಂದು ಬಾಯಿ ತೆಗೆದರೆ ಮಾತು ನೇರ ‘ನಾಗರಹಾವು’ ಕಡೆ ಹೋಗುತ್ತದೆ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’ ಮೂರನ್ನೂ ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಒಂದೇ ಸಿನಿಮಾ ಮಾಡಿದರು. ತ.ರಾ.ಸು. ಅವರಿಗೆ ಅದು ಹಿಡಿಸಲಿಲ್ಲ, ಜನಕ್ಕೆ ಹಿಡಿಸಿತು. ಆ ಜಗಳ ಐವತ್ತು ವರ್ಷದಿಂದ ನಡೆದೇ ಇದೆ, ನಾನು ಅದಕ್ಕೆ ಕೈ ಹಾಕುವುದಿಲ್ಲ. ನಾನು ಹೋಲಿಸಿ ನೋಡಿದ್ದು ‘ಹಂಸಗೀತೆ’ಯನ್ನು. ಒಂದು ಕಾದಂಬರಿ, ಅದರಿಂದ ಹುಟ್ಟಿದ ಎರಡು ಸಿನಿಮಾ: 1956ರ ಹಿಂದಿಯ ‘ಬಸಂತ್ ಬಹಾರ್’, 1975ರಲ್ಲಿ ಜಿ.ವಿ. ಅಯ್ಯರ್ ಕನ್ನಡದಲ್ಲಿ ಮಾಡಿದ ‘ಹಂಸಗೀತೆ’.

ಪುಸ್ತಕ ಸಿಕ್ಕಿದ್ದು ದಾವಣಗೆರೆಯ ಒಂದು ಹಳೇ ಪುಸ್ತಕದ ಅಂಗಡಿಯಲ್ಲಿ, 80 ರೂಪಾಯಿಗೆ. ಬೈಂಡು ಸಡಿಲವಾಗಿತ್ತು, ಹಾಳೆ ಎಲ್ಲವೂ ಇದ್ದವು. ಹದಿನೆಂಟನೇ ಶತಮಾನದ ಕೊನೆಯ ಚಿತ್ರದುರ್ಗ, ಭೈರವಿ ವೆಂಕಟಸುಬ್ಬಯ್ಯ ಎಂಬ ಗಾಯಕ. 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿತು. ಮುಂದೆ ಟಿಪ್ಪುವಿನ ಎದುರು ಹಾಡಬೇಕೆಂಬ ಅಪ್ಪಣೆ ಬಂದಾಗ, ಆ ಗಾಯಕ ತನ್ನ ನಾಲಿಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ.

ತೊಡಕು ಶುರುವಾದದ್ದು ಅವನ ಹೆಸರಿನಲ್ಲೇ. ರಾಗವೇ ಹೆಸರಿಗೆ ಅಂಟಿಕೊಂಡ ಮನುಷ್ಯನ ಕಥೆ ಅದು. ಆ ರಾಗ ಹೇಗಿರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಾನು ಸಂಗೀತ ಕಲಿತವನಲ್ಲ. ‘ಭೈರವಿ’ ಎಂಬ ಪದ ಬಂದಾಗಲೆಲ್ಲ ಕಣ್ಣು ಅದರ ಮೇಲೆ ಹಾದುಹೋಗುತ್ತಿತ್ತು, ಒಳಗೆ ಏನೂ ಮೊಳಗುತ್ತಿರಲಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದೆ. ಫೋನಿನಲ್ಲಿ ಭೈರವಿ ಎಂದು ಹುಡುಕಿ, ಮೊದಲು ಸಿಕ್ಕಿದ ಒಂದು ಗಂಟೆಯ ಗಾಯನವನ್ನು ಹಚ್ಚಿಕೊಂಡು ಓದತೊಡಗಿದೆ. ಮೂರು ರಾತ್ರಿ ಹಾಗೇ ಓದಿದೆ. ಚೆನ್ನಾಗಿಯೇ ಇತ್ತು, ಕಣ್ಣು ತುಂಬಿಯೂ ಬಂದಿತ್ತು.

ನಾಲ್ಕನೇ ದಿನ ನಮ್ಮ ಬೀದಿಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುವ ಟೀಚರಮ್ಮ ಮನೆಗೆ ಬಂದವರು, ಒಂದು ನಿಮಿಷ ಕೇಳಿಸಿಕೊಂಡು, “ಇದು ಹಿಂದೂಸ್ತಾನಿ ಭೈರವಿ ಕಣಪ್ಪಾ. ವೆಂಕಟಸುಬ್ಬಯ್ಯ ಹಾಡಿದ್ದು ಇದಲ್ಲ” ಎಂದರು. ಹೆಸರು ಒಂದೇ, ರಾಗ ಬೇರೆ. ಹಿಂದೂಸ್ತಾನಿ ಭೈರವಿಯ ಸ್ವರಗಳು ನಮ್ಮ ತೋಡಿಯ ಸ್ವರಗಳಂತೆ. ಕರ್ನಾಟಕ ಸಂಗೀತದ ಭೈರವಿ ಇಪ್ಪತ್ತನೇ ಮೇಳ (ತಾಯಿರಾಗ) ನಠಭೈರವಿಯಲ್ಲಿ ಹುಟ್ಟಿದ್ದು. ಏರುವಾಗ ಒಂದು ಧೈವತ, ಅಂದರೆ ‘ದ’ ಸ್ವರ, ಇಳಿಯುವಾಗ ಇನ್ನೊಂದು. ಟೀಚರಮ್ಮ ಅಲ್ಲೇ ಕೂತು ಏರಿಸಿ ಇಳಿಸಿ ತೋರಿಸಿದರು, ಆಮೇಲೆ ‘ವಿರಿಬೋಣಿ’ ಎಂಬ ವರ್ಣದ (ಕಛೇರಿಯ ಶುರುವಿಗೆ ಹಾಡುವಂಥ ರಚನೆ) ಪಲ್ಲವಿ ಹಾಡಿದರು. ವಾಗ್ಗೇಯಕಾರ ಶ್ಯಾಮಾಶಾಸ್ತ್ರಿಗಳ ಗುರು ಪಚ್ಚಿಮಿರಿಯಂ ಆದಿಯಪ್ಪಯ್ಯನವರ ರಚನೆಯಂತೆ, ಅಂದರೆ ಹೆಚ್ಚುಕಡಿಮೆ ನಮ್ಮ ಮದಕರಿನಾಯಕನ ಕಾಲದ್ದೇ.

ಮೂರು ರಾತ್ರಿ ನಾನು ಅತ್ತದ್ದು ಬೇರೆ ಯಾವುದೋ ರಾಗಕ್ಕೆ. ಪುಸ್ತಕ ನನ್ನನ್ನು ತಡೆಯಲಿಲ್ಲ, ತಡೆಯುವ ದಾರಿಯೂ ಅದಕ್ಕಿಲ್ಲ. ಸಂಗೀತ ಬಲ್ಲವರಿಗೆ ಆ ಪುಟಗಳು ತಾವಾಗಿ ಹಾಡುತ್ತವೆ. ನನ್ನಂಥವನಿಗೆ ಅವು ಅಚ್ಚಾದ ಅಕ್ಷರ ಮಾತ್ರ.

ಆ ವಾರದ ಕೊನೆಗೆ ಸಿನಿಮಾ ನೋಡಿದೆ. ಸಂಗೀತ ಎಂ. ಬಾಲಮುರಳಿಕೃಷ್ಣ ಮತ್ತು ಬಿ.ವಿ. ಕಾರಂತರದ್ದು. ಇದರ ಹಾಡುಗಾರಿಕೆಗೆ ಬಾಲಮುರಳಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಫೋನಿನ ಸ್ಪೀಕರಿನಲ್ಲಿ ತಂಬೂರಿಯ ಮಂದ್ರ (ತಗ್ಗಿನ ದನಿ) ಕೇಳಿಸುವುದೇ ಇಲ್ಲ, ಅದಕ್ಕಾಗಿ 450 ರೂಪಾಯಿಯ ಇಯರ್‌ಫೋನ್ ತಂದೆ. ಕೊಟ್ಟ ದುಡ್ಡು ಮೊದಲ ಹತ್ತು ನಿಮಿಷದಲ್ಲೇ ಬಂತು. ವೆಂಕಟಸುಬ್ಬಯ್ಯನಾಗಿ ತರುಣ ಅನಂತನಾಗ್, ಕಂಠ ಬಾಲಮುರಳಿಯವರದ್ದು. ಸೊಕ್ಕು ಹೇಗಿರುತ್ತದೆ ಎಂದು ಯಾರೂ ವಿವರಿಸಬೇಕಿಲ್ಲ, ದನಿಯಲ್ಲೇ ಇದೆ.

ನಾನು ಸಿನಿಮಾ ಕಡೆ ವಾಲಿದ್ದು ಕೊನೆಯ ಭಾಗಕ್ಕಾಗಿ. ಪುಸ್ತಕದಲ್ಲಿ ಅವನು ಹಾಡುವ ಪುಟವೂ ನಿಶ್ಶಬ್ದ, ನಾಲಿಗೆ ಕಳೆದುಕೊಂಡ ಪುಟವೂ ನಿಶ್ಶಬ್ದ. ಹೋದದ್ದು ಏನೆಂದು ನಾನೇ ಊಹಿಸಿಕೊಳ್ಳಬೇಕು. ಸಿನಿಮಾದಲ್ಲಿ ಅಷ್ಟು ಹೊತ್ತು ಕಿವಿಯೊಳಗೆ ಆಡಿದ ದನಿ ಅದು. ಅದು ಇನ್ನಿಲ್ಲ ಎಂದಾಗ ನನ್ನದೇ ಏನೋ ಕಡಿದಂತಾಯಿತು. ಇಯರ್‌ಫೋನ್ ತೆಗೆಯಲು ಮನಸ್ಸಾಗದೆ ಸುಮ್ಮನೆ ಕೂತಿದ್ದೆ.

ಅಪ್ಪನ ಮಾತಿನಲ್ಲಿ ಒಂದನ್ನು ಒಪ್ಪುತ್ತೇನೆ. ಪುಸ್ತಕವನ್ನು ಬೆಟ್ಟಕ್ಕೆ ಒಯ್ಯಬಹುದು. ಭಾನುವಾರ ಬೆಳಿಗ್ಗೆ ಕೋಟೆ ಹತ್ತಿ, ಗೋಪಾಲಸ್ವಾಮಿ ಹೊಂಡದ ಹತ್ತಿರ ಬಂಡೆಯ ನೆರಳಲ್ಲಿ ನಾಲ್ಕು ಪುಟ ಓದಿ, ತಲೆಯೆತ್ತಿ ನೋಡಿದರೆ ಕಥೆಯ ಊರು ಸುತ್ತ ಇದೆ. ಆ ಸುಖ ಪರದೆಯಲ್ಲಿಲ್ಲ.

‘ಬಸಂತ್ ಬಹಾರ್’ ಬಗ್ಗೆ ಹೆಚ್ಚಿಲ್ಲ. ನಮ್ಮ ದುರ್ಗವೇ ಅದರಲ್ಲಿ ಕಾಣೆ. ‘ಕೇತಕಿ ಗುಲಾಬ್ ಜೂಹಿ’ ಹಾಡಿಗಾಗಿ ಒಮ್ಮೆ ನೋಡಿ. ನಮ್ಮ ಗದಗಿನ ಭೀಮಸೇನ ಜೋಶಿ ಮತ್ತು ಮನ್ನಾ ಡೇ ಪೈಪೋಟಿಯಲ್ಲಿ ಹಾಡಿದ್ದು, ಕಥೆಯ ಪ್ರಕಾರ ಗೆಲ್ಲುವುದು ಮನ್ನಾ ಡೇ ಕಂಠದ ನಾಯಕ.

ಸಂಗೀತ ಬರುವವರು, ನಿಧಾನವಾಗಿ ಓದುವ ಅಭ್ಯಾಸ ಇರುವವರು ಪುಸ್ತಕದಿಂದಲೇ ಶುರು ಮಾಡಲಿ. ನಾನು ಅಂಗಡಿ ಬಾಗಿಲು ಹಾಕಿ ಮನೆ ಸೇರುವುದೇ ರಾತ್ರಿ ಒಂಬತ್ತೂವರೆಗೆ. ನನಗೆ ಸಿನಿಮಾ ಮೊದಲು, ಪುಸ್ತಕ ಆಮೇಲೆ. ಈಗ ಎರಡನೇ ಸಲ ಓದುತ್ತಿದ್ದೇನೆ, ‘ಭೈರವಿ’ ಎಂದು ಬಂದ ಕಡೆ ಕಣ್ಣು ತಾನಾಗಿ ನಿಲ್ಲುತ್ತದೆ. ಅಕ್ಕನ ಮಗಳು ಪುಸ್ತಕ ಕೊಡು ಮಾಮಾ ಎಂದು ಒಂದು ವಾರದಿಂದ ಕೇಳುತ್ತಿದ್ದಾಳೆ. ಇಯರ್‌ಫೋನ್ ಕೊಟ್ಟಿದ್ದೇನೆ, ಪುಸ್ತಕ ಇನ್ನೂ ಕೊಟ್ಟಿಲ್ಲ.